ಬೀದಿ ಕಡೆಯ ಕೋಣೆ

ಆ ಮನೆಯನ್ನು ಕೊಳ್ಳಬೇಕೆಂದು ನಮ್ಮ ಚಿಕ್ಕಬಳ್ಳಾಪುರದ ಕಚೇರಿಗೆ ಬಂದಾಕೆ ಹಾಕಿದ ಷರತ್ತು ಒಂದೇ: ಕೊಳ್ಳುತ್ತಿರುವುದು ಯಾರೆಂದು ಮಾರುವವರಿಗೆ ತಿಳಿಯಬಾರದು. ಆಕೆಗೆ ಐವತ್ತು ದಾಟಿತ್ತು. ಶಿಡ್ಲಘಟ್ಟದ ಬಾಡಿಗೆ ಶೆಡ್ಡೊಂದರಲ್ಲಿ ರೇಷ್ಮೆ ನೂಲು ಬಿಚ್ಚುವ ಕೆಲಸ ನಡೆಸುತ್ತಿದ್ದರು. ಶೆಡ್ಡಿನ ಮಾಲೀಕರು ಜಾಗ ಬಿಟ್ಟುಕೊಡಿ ಎನ್ನುತ್ತಿದ್ದುದರಿಂದ ಅವರಿಗೊಂದು ಸ್ವಂತ ಜಾಗ ತುರ್ತಾಗಿ ಬೇಕಿತ್ತು. ಆದರೆ ಅವರು ಕೇಳಿದ್ದು ಯಾವುದೋ ಒಂದು ಜಾಗವನ್ನಲ್ಲ. ಅದೇ ಊರಿನಲ್ಲಿ ತಾವು ಹುಟ್ಟಿ ಬೆಳೆದ, ಈಗ ಬೇರೆಯವರ ಹೆಸರಿನಲ್ಲಿರುವ ಮನೆಯನ್ನು. ಅದು ಮಾರಾಟಕ್ಕಿದೆ ಎಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

ನಾನು ಅವರನ್ನು ಆಪಾ, ಅಂದರೆ ಅಕ್ಕ, ಎಂದು ಕರೆಯತೊಡಗಿದೆ. ಅವರು ನನ್ನನ್ನು ಅಮ್ಮ ಎನ್ನುತ್ತಿದ್ದರು, ವಯಸ್ಸಿನಲ್ಲಿ ನಾನು ಚಿಕ್ಕವಳಾದರೂ.

ನಮ್ಮ ಕಚೇರಿಯ ಮಾಲೀಕರು ಅದೇ ವರ್ಷ ಒಂದು ಸಾಫ್ಟ್‌ವೇರ್ ತರಿಸಿದ್ದರು. ಕೊಡುವವರ ತೆಗೆದುಕೊಳ್ಳುವವರ ನಡುವೆ ಮಾತುಕತೆ ನಡೆಯುವಾಗ ಮುಂದೇನು ಮಾಡಬೇಕೆಂದು ಸಲಹೆ ಕೊಡುವ ಸಾಫ್ಟ್‌ವೇರ್ ಅದು. ಸುತ್ತಮುತ್ತ ಇತ್ತೀಚೆಗೆ ನೋಂದಣಿಯಾದ ಬೆಲೆಗಳು, ಸರ್ಕಾರದ ಮಾರ್ಗಸೂಚಿ ದರ, ರಸ್ತೆಯ ಅಗಲ, ಕಟ್ಟಡದ ವಯಸ್ಸು, ಫೋಟೋಗಳು, ಇಷ್ಟನ್ನು ತುಂಬಿಸಿದರೆ ಆಸ್ತಿಯ ಅಂದಾಜು ಬೆಲೆ ಹೇಳುತ್ತಿತ್ತು. ಆಮೇಲೆ ಮೊದಲು ಎಷ್ಟಕ್ಕೆ ಕೇಳಬೇಕು, ಎದುರಿನವರು ಇಷ್ಟು ಇಳಿದರೆ ನಾವು ಎಷ್ಟು ಏರಬೇಕು, ಯಾವ ಗೆರೆ ದಾಟಿದರೆ ಎದ್ದು ಬರಬೇಕು ಎಂದು ಹಂತಹಂತವಾಗಿ ತೋರಿಸುತ್ತಿತ್ತು. ಪರದೆಯ ಮೇಲೆ ಎರಡು ಗೆರೆ. ಒಂದು ಕೆಳಗಿಳಿಯುತ್ತಾ ಬರುತ್ತದೆ, ಇನ್ನೊಂದು ಮೇಲೇರುತ್ತಾ ಹೋಗುತ್ತದೆ. ಕೂಡುವ ಜಾಗ ವ್ಯಾಪಾರ. ಹೆಸರು ಮುಚ್ಚಿಡಬೇಕೆಂಬ ಆಪಾರ ಷರತ್ತು ಅದಕ್ಕೂ ಒಪ್ಪಿಗೆಯಾಯಿತು. ಕೊಳ್ಳುವವರಿಗೆ ಆಸ್ತಿಯ ಮೇಲೆ ಮೋಹವಿದೆ ಎಂಬ ಕಡೆ ನಾನು ಗುರುತು ಹಾಕಿದ ಕೂಡಲೇ, ಅದನ್ನು ಎದುರಿನವರಿಗೆ ಕಾಣಿಸಬೇಡಿ ಎಂಬ ಎಚ್ಚರಿಕೆ ಬಂತು.

ಮನೆಯ ಈಗಿನ ಯಜಮಾನರು ಮೇಲೂರಿನ ರೈತರು. ಹಿಪ್ಪುನೇರಳೆ ತೋಟ, ಹುಳು ಸಾಕಣೆ. ಅರವತ್ತರ ಆಸುಪಾಸಿನ ಮಿತಭಾಷಿ. ನಾನು ಹೋದ ದಿನ ಬೀಗ ತೆಗೆದು, ನೋಡ್ಕೊಳಮ್ಮ ಎಂದು ಹೇಳಿ ಹೊರಗೆ ಜಗಲಿಯಲ್ಲಿ ಕೂತರು. ಬೀದಿಗೆ ಒಂದು ಕೋಣೆ, ಅದರ ಹಿಂದೆ ನಡುಮನೆ, ನಡುಮನೆಯ ಬಾಗಿಲು ದಾಟಿದರೆ ಅಂಗಳ, ಅಂಗಳದಾಚೆ ಹೆಂಚಿನ ಶೆಡ್ಡು. ಶೆಡ್ಡಿನಲ್ಲಿ ಗೂಡು ಬೇಯಿಸುತ್ತಿದ್ದ ಒಲೆಗಳ ಗುರುತು ಇನ್ನೂ ಇತ್ತು. ಅಂಗಳಕ್ಕೆ ಪೂರ್ವದಲ್ಲಿ ಒಂದು ಸಣ್ಣ ಗೇಟು, ಅದು ಕೈಗಾಡಿ ಹೋಗುವಷ್ಟು ಅಗಲದ ಓಣಿಗೆ ತೆರೆಯುತ್ತಿತ್ತು. ನಾನು ಎಲ್ಲವನ್ನೂ ಅಳೆದು ಫೋಟೋ ತೆಗೆದೆ.

ಸಂಜೆ ಆಪಾರ ಶೆಡ್ಡಿಗೆ ಹೋಗಿ ಅಂದಾಜು ಬೆಲೆ ಹೇಳಿದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಫೋನನ್ನು ಕೈಗೆ ತೆಗೆದುಕೊಂಡು ಫೋಟೋಗಳನ್ನು ಒಂದೊಂದಾಗಿ ಸರಿಸುತ್ತಾ ಹೋದರು. ಬೀದಿ ಕೋಣೆಯ ಕಿಟಕಿಗೆ ಮರದ ಸಲಾಕೆ ಇತ್ತಾ, ಕಬ್ಬಿಣದ್ದಾ ಎಂದು ಕೇಳಿದರು. ಕಬ್ಬಿಣದ್ದು ಎಂದೆ. ಅಂಗಳದಲ್ಲಿ ಬಿಸಿಲು ಯಾವ ಗೋಡೆಯ ಮೇಲಿತ್ತು ಎಂದು ಕೇಳಿದರು. ನಾನು ಗಮನಿಸಿರಲಿಲ್ಲ. ಆಮೇಲಿನ ವಾರಗಳಲ್ಲಿ ಯಾವುದಾದರೊಂದು ನೆಪ ಮಾಡಿಕೊಂಡು ನಾನು ಆ ಮನೆಗೆ ಹೋಗಿ ಬಂದಾಗಲೆಲ್ಲ ಅವರು ಹೀಗೇ ವಿಚಾರಿಸುತ್ತಿದ್ದರು. ದೂರದ ಊರಿನಲ್ಲಿರುವ ತವರಿನವರನ್ನು ನೋಡಿ ಬಂದವಳನ್ನು ಕೇಳುವ ಹಾಗೆ.

ಸಲಹೆಯಂತೆ ಮೊದಲ ಬೆಲೆಯನ್ನು ತುಸು ಕೆಳಗಿಟ್ಟೆವು. ಯಜಮಾನರು ಕೇಳಿಸಿಕೊಂಡರು, ನೋಡಣ ಎಂದರು, ಫೋನಿಟ್ಟರು. ಆಮೇಲೆ ಅವರಿಂದ ಮಾತೇ ಇಲ್ಲ. ಕೆಲವೇ ದಿನಗಳಲ್ಲಿ ಅವರು ತಮ್ಮ ಬೆಲೆಯನ್ನು ಇಳಿಸಿ ಹೇಳುತ್ತಾರೆಂದು ಪರದೆಯ ಗೆರೆ ಹೇಳುತ್ತಿತ್ತು. ಅವರು ಹೇಳಲಿಲ್ಲ. ಅದು ಆ ಮೌನವನ್ನು ಚೌಕಾಸಿಯ ಮೌನವೆಂದೇ ಓದಿ, ಏರಬೇಡಿ, ಕಾಯಿರಿ ಎಂದು ತೋರಿಸುತ್ತಾ ಹೋಯಿತು. ಮಾರುವವರಿಗೆ ಆತುರವಿದೆಯೇ ಎಂಬ ಪ್ರಶ್ನೆಗೆ ನಮ್ಮ ಬಳಿ ಉತ್ತರವಿರಲಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೆವು. ಖಾಲಿ ಬಿಟ್ಟರೆ ಅದು ಸಾಧಾರಣ ಎಂದು ಎಣಿಸಿಕೊಳ್ಳುತ್ತದೆ.

ನಾವು ಕಾಯುತ್ತಿದ್ದಾಗಲೇ ಚಿಂತಾಮಣಿಯ ಟೊಮ್ಯಾಟೊ ಮಂಡಿಯ ವ್ಯಾಪಾರಿಯೊಬ್ಬರು ಬಂದು ಟೇಪು ಹಿಡಿದು ಮನೆ ಅಳೆದುಕೊಂಡು ಹೋದರೆಂದು ನೋಂದಣಿ ಕಚೇರಿಯ ಬಳಿಯ ಪತ್ರ ಬರಹಗಾರರು ನನಗೆ ಹೇಳಿದರು. ಪ್ಲಾಸ್ಟಿಕ್ ಕ್ರೇಟುಗಳನ್ನು ಇಡುವ ಗೋದಾಮಿಗಂತೆ. ಅವರು ಹೇಳಿದ ಬೆಲೆ ನಮ್ಮ ಗೆರೆಗಿಂತ ಮೇಲಿತ್ತು. ಆಪಾರ ಕೈಯಲ್ಲಿ ಎಷ್ಟು ಕೂಡಬಹುದೋ ಅದಕ್ಕಿಂತಲೂ ಮೇಲಿತ್ತು.

ಇಂಥ ಹೊತ್ತಿನಲ್ಲಿ ಆ ಸಾಫ್ಟ್‌ವೇರ್ ಬೇರೆ ಜಾಗಗಳನ್ನು ಹುಡುಕಿಕೊಡುತ್ತದೆ. ಮೂರು ಜಾಗ ತೋರಿಸಿತು. ಗೂಡಿನ ಮಾರುಕಟ್ಟೆಗೆ ಹತ್ತಿರದ ಒಂದಕ್ಕೆ ಆಪಾರನ್ನು ಕರೆದುಕೊಂಡು ಹೋದೆ. ಅವರು ನೀರು ನೋಡಿದರು, ಕೊಳಾಯಿ ತಿರುಗಿಸಿದರು, ಚರಂಡಿ ಎತ್ತ ಹರಿಯುತ್ತದೆಂದು ನೋಡಿದರು, ಹೊಗೆ ಹೋಗುವ ದಾರಿ ವಿಚಾರಿಸಿದರು. ಎಲ್ಲವೂ ಸರಿಯಿತ್ತು. ಚೆನ್ನಾಗಿದೆ ಎಂದರು. ವಾಪಸು ಬರುವಾಗ, ಆ ಬೀದಿಯಿಂದ ಹೋಗೋಣವಾ ಎಂದು ಕೇಳಿದರು. ಮನೆಯ ಮುಂದೆ ಬಂದಾಗ ಅವರು ಅತ್ತ ತಿರುಗಿಯೂ ನೋಡಲಿಲ್ಲ. ನಡಿಗೆ ಮಾತ್ರ ನಿಧಾನವಾಯಿತು. ಮನೆ ದಾಟಿದ ಮೇಲೆ ಮತ್ತೆ ಮೊದಲಿನಂತೆ ನಡೆದರು.

ಅವರಿಗೆ ಈ ಮನೆಯಲ್ಲಿ ಬೇಕಾಗಿರುವುದು ಏನು ಎಂಬುದು ನನಗೆ ಗೊತ್ತಿಲ್ಲವೆಂದು ಆಗ ಅನಿಸಿತು. ಇಡೀ ಮನೆಗೆ ದುಡ್ಡು ಸಾಲದು. ಒಂದು ಭಾಗವಾದರೂ ಸಿಗುವಂತಿದ್ದರೆ ಯಾವ ಭಾಗ? ಇದನ್ನು ತಿಳಿಯಲು ಸಾಫ್ಟ್‌ವೇರಿನಲ್ಲಿ ಬೇರೊಂದು ದಾರಿಯಿತ್ತು. ಎಲ್ಲವನ್ನೂ ಒಟ್ಟಿಗೆ ಕೇಳದೆ ಎರಡೆರಡನ್ನೇ ಎದುರುಬದುರು ಇಟ್ಟು ಕೇಳುವುದು. ಇದು ಬೇಕೋ, ಅದು ಬೇಕೋ? ಉತ್ತರಗಳನ್ನು ಸೇರಿಸಿ ಯಾವುದರ ತೂಕ ಎಷ್ಟೆಂದು ಅದು ಲೆಕ್ಕ ಹಾಕುತ್ತದೆ.

ಆಪಾರ ಶೆಡ್ಡಿನಲ್ಲಿ, ಹೆಂಗಸರು ಬಿಸಿನೀರಿನಿಂದ ಎಳೆ ಹಿಡಿಯುತ್ತಿದ್ದ ಬೋಗುಣಿಗಳ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕೇಳಿದೆ. ಬೀದಿ ಕೋಣೆಯೋ, ಹಿಂದಿನ ಶೆಡ್ಡೋ? ಬೀದಿ ಕೋಣೆ ಎಂದರು ತಕ್ಷಣ. ಶೆಡ್ಡೋ, ಅಂಗಳವೋ? ಶೆಡ್ಡು, ಕೆಲಸ ಅಲ್ಲೇ ತಾನೇ ಎಂದರು. ಅಂಗಳವೋ, ಬೀದಿ ಕೋಣೆಯೋ? ಸ್ವಲ್ಪ ಹೊತ್ತು ಬೋಗುಣಿಯ ಆವಿಯನ್ನು ನೋಡಿ, ಅಂಗಳ ಎಂದರು.

ಪರದೆಯ ಮೇಲೆ ಕೆಂಪು ಬಂತು. ಉತ್ತರಗಳು ಒಂದಕ್ಕೊಂದು ಹೊಂದುತ್ತಿಲ್ಲ, ಮತ್ತೆ ಕೇಳಿ. ಕೋಣೆ ಶೆಡ್ಡಿಗಿಂತ ಹೆಚ್ಚು, ಶೆಡ್ಡು ಅಂಗಳಕ್ಕಿಂತ ಹೆಚ್ಚು ಎಂದಾದರೆ ಅಂಗಳ ಕೋಣೆಗಿಂತ ಹೆಚ್ಚಾಗುವುದು ಹೇಗೆ? ಮತ್ತೆ ಕೇಳಿದೆ. ಅದೇ ಉತ್ತರ, ಅದೇ ಕೆಂಪು. ಆಗ ಅವರು ತಮ್ಮಷ್ಟಕ್ಕೇ ಎಂಬಂತೆ ಹೇಳತೊಡಗಿದರು.

ಅವರ ಅಬ್ಬಾ ಕಾಯಿಲೆ ಬಿದ್ದು ಮನೆ ಮಾರಿದಾಗ ಅವರು ಮದುವೆಯಾಗಿ ಚಿಂತಾಮಣಿಯಲ್ಲಿದ್ದರು. ಬಸುರಿ ಹೆಂಗಸಿಗೆ ಹೇಳುವುದು ಬೇಡವೆಂದು ಯಾರೂ ಹೇಳಲಿಲ್ಲ. ಹೆರಿಗೆಗೆ ತವರಿಗೆ ಬಂದಾಗ ಜಟಕಾ ಬೇರೊಂದು ಗಲ್ಲಿಯ ಬಾಡಿಗೆ ಮನೆಯ ಮುಂದೆ ನಿಂತಿತು. ಅವರ ಅಮ್ಮಿ ಮುಂದೆ ಅದೇ ಬಾಡಿಗೆ ಮನೆಯಲ್ಲಿ ತೀರಿಕೊಂಡರು.

“ಕೊನೇಲಿ ಅಮ್ಮೀಗೆ ಬೇರೆ ಮಾತೇ ಇರ್ಲಿಲ್ಲ ಅಮ್ಮ. ಘರ್ ಚಲೋ, ಘರ್ ಚಲೋ. ಮನೇಗೆ ಹೋಗಣ ಅಂತ. ಮನೇಲೇ ಇದೀವಿ ಅಮ್ಮಿ ಅಂತಿದ್ದೆ ನಾನು.”

ಬಸ್ಸಿನಲ್ಲಿ ಚಿಕ್ಕಬಳ್ಳಾಪುರಕ್ಕೆ ಹಿಂತಿರುಗುವಾಗ ಮಂಡಿಕಲ್ಲಿನ ಹತ್ತಿರದ ನನ್ನ ತವರುಮನೆಯ ಬಗ್ಗೆ ಅದೇ ಪ್ರಶ್ನೆಗಳನ್ನು ನನಗೆ ನಾನೇ ಹಾಕಿಕೊಂಡು ನೋಡಿದೆ. ಹಜಾರವೋ, ಹಿತ್ತಿಲೋ? ಅಡುಗೆಮನೆಯೋ, ಹಜಾರವೋ? ಮೂರನೆಯದಕ್ಕೆ ಬರುವ ಮೊದಲೇ ಫೋನು ಬ್ಯಾಗಿನೊಳಗೆ ಇಟ್ಟೆ.

ಆ ಕೆಂಪನ್ನು ಹೋಗಲಾಡಿಸಲು ಅವರಿಂದ ಬೇರೆ ಉತ್ತರ ಹೇಳಿಸುವುದು ನನಗೆ ಸರಿಕಾಣಲಿಲ್ಲ. ಅವರು ಆ ಮನೆಯೊಳಗೆ ಕಾಲಿಟ್ಟು ಮೂವತ್ತು ವರ್ಷವಾಗಿದೆ. ನೆನಪಿನಲ್ಲಿರುವ ಮನೆಗೆ ಉತ್ತರ ಕೊಡುತ್ತಿದ್ದಾರೆ. ನಿಜವಾಗಿ ಇರುವ ಮನೆಯನ್ನು ಒಮ್ಮೆ ನೋಡಬೇಕು. ನೋಡಬೇಕಾದರೆ ಯಜಮಾನರಿಗೆ ಅವರು ಯಾರೆಂದು ಹೇಳಲೇಬೇಕು. ಕದ್ದು ನೋಡುವ ಮನೆಯಲ್ಲ ಅದು.

ನಮ್ಮ ಮಾಲೀಕರು ಒಪ್ಪಲಿಲ್ಲ. ಆಸೆ ಇದೆ ಎಂದು ಗೊತ್ತಾದ ಕ್ಷಣ ಬೆಲೆ ಏರುತ್ತದೆ, ಇಷ್ಟು ದಿನದ ಕೆಲಸ ನೀರಿನಲ್ಲಿ ಹೋಮವಾಗುತ್ತದೆ ಎಂದರು. ಅವರ ಮಾತು ತಪ್ಪಾಗಿರಲಿಲ್ಲ. ಕೊಳ್ಳುವವರನ್ನೇ ಕೇಳುತ್ತೇನೆ, ಅವರು ಬೇಡವೆಂದರೆ ಬಿಡುತ್ತೇನೆ ಎಂದೆ.

ಆಪಾರನ್ನು ಕೇಳಿದೆ. “ರೇಟು ಜಾಸ್ತಿ ಮಾಡ್ತಾರೆ ಅಂತ ಅಲ್ಲಮ್ಮ ನಾನು ಹೆಸರು ಹೇಳ್ಬೇಡಿ ಅಂದಿದ್ದು,” ಎಂದರು. “ಹೆಸರು ಗೊತ್ತಾದ್ರೆ ಬಂದು ನೋಡಿ ಅಂತಾರೆ. ಅಲ್ಲಿ ಹೋಗಿ ನಿಂತ್ರೆ ಅತ್ತುಬಿಡ್ತೀನೇನೋ ಅಂತ.” ಮರುದಿನ ಬೆಳಿಗ್ಗೆ ಅವರೇ ಫೋನು ಮಾಡಿ, ಹೋಗಣ ಎಂದರು.

ನಾನು ಯಜಮಾನರಿಗೆ ಮೊದಲೇ ಫೋನು ಮಾಡಿ ಎಲ್ಲವನ್ನೂ ಹೇಳಿದ್ದೆ. ಅವರು ಸರಿ ಎಂದಷ್ಟೇ ಹೇಳಿದ್ದರು. ಅಂದು ಬೀಗ ತೆಗೆದು ಬಾಗಿಲ ಪಕ್ಕ ನಿಂತಿದ್ದರು. ಆಪಾ ಚಪ್ಪಲಿ ಬಿಟ್ಟು ಒಳಗೆ ಬಂದರು. ಬೀದಿ ಕೋಣೆಯ ನೆಲಕ್ಕೆ ಸಿಮೆಂಟು ಬಿದ್ದಿತ್ತು, ಬಾಗಿಲಿಗೆ ಶಟರ್ ಬಂದಿತ್ತು, ಬಾಡಿಗೆಗಿದ್ದವರು ಗೋಡೆಗೆ ಹಸಿರು ಬಣ್ಣ ಬಳಿದಿದ್ದರು. ಅವರು ಕಿಟಕಿಯ ಬಳಿ ಹೋಗಿ ಸಲಾಕೆ ಮುಟ್ಟಿ ಕೈ ತೆಗೆದರು. ಅಳಲಿಲ್ಲ.

“ಆ ಕಿಟಕೀಲೇ ನಿಮ್ಮ ತಾಯಿಯೋರು ನಮಗೆ ಚಾ ಕೊಡ್ತಿದ್ರು,” ಎಂದರು ಯಜಮಾನರು. “ನಾನು ಹುಡುಗ್ನಾಗಿದ್ದಾಗ ನಮ್ಮಪ್ಪನ ಜೊತೆ ಗೂಡು ತಂದು ಹಾಕ್ತಿದ್ದೆ ಇಲ್ಲಿ. ಆಚೆ ಬರ್ತಿರ್ಲಿಲ್ಲ ಅವ್ರು. ಲೋಟ ಮಾತ್ರ ಆಚೆ ಬರ್ತಿತ್ತು.”

“ಬಳೆ ಕಾಣಿಸ್ತಿತ್ತಾ?” ಎಂದು ಆಪಾ ಕೇಳಿದರು.

“ಹಸಿರು ಗಾಜಿನವು,” ಎಂದರು ಅವರು.

ಆಪಾ ತಲೆದೂಗಿ, ನಡುಮನೆ ದಾಟಿ ಅಂಗಳಕ್ಕೆ ಹೋದರು. ಅಲ್ಲಿ ಶೆಡ್ಡಿನ ಗೋಡೆಗೆ ಒರಗಿ, ನಡುಮನೆಯ ಬಾಗಿಲಿಗೆ ಎದುರಾಗಿ, ನೆಲದ ಮೇಲೆ ಕೂತುಬಿಟ್ಟರು. ನಾವು ನಡುಮನೆಯಲ್ಲೇ ನಿಂತೆವು.

ಆಗ ಯಜಮಾನರು ನನ್ನೊಡನೆ ಮೆಲ್ಲನೆ ಮಾತಾಡಿದರು. “ಅವ್ರ ಮನೆ ಅಂತ ರೇಟು ಏರ್ಸಲ್ಲಮ್ಮ ನಾನು. ಹಂಗಂತ ಇಳ್ಸಕ್ಕೂ ಆಗಲ್ಲ. ಸುಳ್ಳು ಯಾಕೆ ಹೇಳ್ಲಿ.” ಅವರ ತೋಟಕ್ಕೆ ಹೊಂದಿಕೊಂಡಂತೆ ಅವರ ತಂಗಿಯ ಪಾಲಿನ ಜಮೀನಿತ್ತಂತೆ. ಎರಡಕ್ಕೂ ಒಂದೇ ಕೊಳವೆಬಾವಿ. ತಂಗಿ ಅದನ್ನು ಮಾರಲು ಹೊರಟಿದ್ದರು. ಅಣ್ಣನಿಗೆ ಕೊಟ್ಟಿದ್ದ ಗಡುವು ಶ್ರಾವಣದ ಮೊದಲ ವಾರದವರೆಗೆ ಮಾತ್ರ. ಆಮೇಲೆ ಬೇರೆಯವರಿಗೆ. ಬೇರೆಯವರ ಕೈಗೆ ಹೋದರೆ ನೀರು ಹೋಗುತ್ತದೆ, ನೀರು ಹೋದರೆ ಸೊಪ್ಪಿಲ್ಲ, ಹುಳುವಿಲ್ಲ. ಚಿಂತಾಮಣಿಯವರು ಹೆಚ್ಚು ಕೊಡುತ್ತಾರೆ ನಿಜ, ಆದರೆ ಕಂತಿನಲ್ಲಿ. ಆ ಕಂತುಗಳು ದೀಪಾವಳಿ ದಾಟುತ್ತವೆ.

ನಾವು ಖಾಲಿ ಬಿಟ್ಟಿದ್ದ ಜಾಗದ ಉತ್ತರ ಇದು. ಅವರ ಜಗಲಿಯಲ್ಲೇ ಕೂತು, ಅವರ ಒಪ್ಪಿಗೆ ಕೇಳಿ, ಗಡುವನ್ನೂ ಪೂರ್ತಿ ಹಣ ಒಮ್ಮೆಗೇ ಬೇಕೆಂಬುದನ್ನೂ ತುಂಬಿಸಿದೆ. ಗೆರೆಗಳೆಲ್ಲ ಜಾಗ ಬದಲಿಸಿದವು. ಆಮೇಲೆ ಆಸ್ತಿಯನ್ನು ಎರಡು ಮಾಡಿದರೆ ಹೇಗೆ ಎಂದು ನೋಡಿದೆ. ನಡುಮನೆಯ ಹಿಂಗೋಡೆಯಲ್ಲಿ ಗೆರೆ ಎಳೆದರೆ ಮುಂದಿನ ಭಾಗ ಒಂದು, ಅಂಗಳ ಮತ್ತು ಶೆಡ್ಡು ಒಂದು. ಮುಂದಿನದಕ್ಕೆ ರಸ್ತೆ, ಹಿಂದಿನದಕ್ಕೆ ಓಣಿ. ಎರಡೂ ಬೇರೆಬೇರೆಯವರಿಗೆ, ಒಂದೇ ದಿನ, ಪೂರ್ತಿ ಹಣಕ್ಕೆ. ಮೊದಲ ಬಾರಿಗೆ ಎಲ್ಲರ ಗೆರೆಗಳೂ ಒಂದೆಡೆ ಕೂಡಿದವು.

ಚಿಂತಾಮಣಿಗೆ ಹೋದೆ. ಮಂಡಿಯಲ್ಲಿ ಹರಾಜು ಮುಗಿದು ವ್ಯಾಪಾರಿ ಕೈಕಾಲು ತೊಳೆಯುತ್ತಿದ್ದರು. ಮುಂದಿನ ಭಾಗ ಮಾತ್ರ ಸಾಕಾಗುತ್ತದೆಯೇ ಎಂದು ಕೇಳಿದೆ. “ವೆನಕದಿ ನಾಕೆಂದುಕಮ್ಮಾ,” ಎಂದು ನಕ್ಕರು. “ಹಿಂದಿಂದು ನಂಗ್ಯಾಕೆ? ಹಿಂದ್ಗಡೆ ಲಾರಿ ಹೋಗಲ್ಲ. ಪೂರ್ತಿ ತಗೊಂಡ್ರೇನೇ ಕೊಡ್ತೀವಿ ಅಂದಿದ್ಕೆ ಕೇಳ್ದೆ.” ಚಿಕ್ಕದಾದರೆ ಕಂತೂ ಬೇಡ, ಒಂದೇ ಸಲಕ್ಕೆ ಕೊಡುತ್ತೇನೆ ಎಂದರು. ಹಳೇ ಗೋಡೆಗಳನ್ನು ಕೆಡವಿ ಹೊಸದಾಗಿ ಕಟ್ಟುವುದಾಗಿಯೂ, ಹಿಂದಿನ ಭಾಗಕ್ಕೂ ತಮ್ಮದಕ್ಕೂ ನಡುವೆ ಬಾಗಿಲಾಗಲಿ ಕಿಟಕಿಯಾಗಲಿ ಇರಕೂಡದೆಂದೂ ಹೇಳಿದರು.

ಇಷ್ಟನ್ನೂ ಆಪಾರಿಗೆ ಹೇಳುವುದು ಉಳಿದಿತ್ತು. ಅವರ ಬಾಡಿಗೆ ಶೆಡ್ಡಿಗೆ ಹೋದೆ. ಬೀದಿ ಕೋಣೆ ಹೋಗುತ್ತದೆ, ಉಳಿಯುವುದಲ್ಲ, ಕೆಡವುತ್ತಾರೆ ಎಂಬುದನ್ನು ಸುತ್ತಿಬಳಸದೆ ಹೇಳಿದೆ. ಬೇಡವೆಂದರೆ ಮಾರುಕಟ್ಟೆಯ ಹತ್ತಿರದ ಜಾಗ ಇನ್ನೂ ಇದೆ ಎಂದೂ ಹೇಳಿದೆ.

ಅವರು ಆ ದಿನ ಅಂಗಳದಲ್ಲಿ ಕೂತದ್ದರ ಬಗ್ಗೆ ಮಾತಾಡಿದರು. “ಅಮ್ಮಿ ಬೀದಿ ಕೋಣೇಲಿ ಇರ್ತಿದ್ರು. ಆದ್ರೆ ನಾನು ಅವ್ರನ್ನ ನೋಡ್ತಿದ್ದಿದ್ದು ಅಂಗಳದಿಂದ. ಅಲ್ಲಿ ಕೂತು ಗೂಡು ಆರಿಸ್ತಿದ್ದೆ. ಬಾಗಿಲಲ್ಲಿ ನೇರ ಕಾಣಿಸ್ತಿದ್ರು, ಕಿಟಕಿ ಬೆಳಕಲ್ಲಿ.”

ಕೆಂಪು ಬಂದದ್ದು ಯಾಕೆಂದು ನನಗೆ ಆಗ ಅರ್ಥವಾಯಿತು. ಮೂರು ಜಾಗಗಳೆಂದು ನಾನು ಕೇಳಿದ್ದು ಅವರಿಗೆ ಮೂರು ಜಾಗಗಳಾಗಿರಲಿಲ್ಲ. ನಕ್ಷೆಯಲ್ಲಿ ನಾನು ಎಳೆದ ಗೆರೆ ಸರಿಯಾಗಿ ಆ ಬಾಗಿಲಿನ ಮೇಲೇ ಹಾದುಹೋಗಿತ್ತು.

“ಆಪಾ, ಆ ಬಾಗಿಲು ಮುಚ್ಚಿಹೋಗುತ್ತೆ. ವ್ಯಾಪಾರಿಯವರನ್ನ ಇನ್ನೊಂದು ಸಲ ಕೇಳ್ಲಾ, ಒಂದು ಕಿಟಕಿಯಾದ್ರೂ…”

“ಗೊತ್ತು,” ಎಂದರು. “ಬೇಡ. ಕಿಟಕಿ ಇಟ್ಕೊಂಡು ಕ್ರೇಟ್ ನೋಡ್ಲಾ ನಾನು?” ಹಾಗೆಂದು ಎದ್ದು ಹೋಗಿ ಒಂದು ಬೋಗುಣಿಗೆ ನೀರು ಹಾಕಿ ಬಂದರು. “ಹಿಂದಿಂದು ಕೊಡ್ಸಿ ಅಮ್ಮ. ಅಷ್ಟು ಸಾಕು ಅನ್ನಲ್ಲ. ಅಷ್ಟು ಕೊಡ್ಸಿ.”

ಆಷಾಢ ಪೂರ್ತಿ ಕಾಗದದ ಕೆಲಸ. ಆ ತಿಂಗಳಲ್ಲಿ ಯಜಮಾನರು ಯಾವುದಕ್ಕೂ ಸಹಿ ಹಾಕುವವರಲ್ಲ, ಆದರೆ ಆಷಾಢ ಹಿಡಿಯುವ ಮೊದಲೇ ಖಾತೆ ವಿಭಜನೆಗೆ ಅರ್ಜಿ ಕೊಟ್ಟಿದ್ದರು. ನಕ್ಷೆ ಒಮ್ಮೆ ವಾಪಸು ಬಂತು, ಓಣಿಯ ಅಗಲ ನಮೂದಿಸಿಲ್ಲವೆಂದು. ಮತ್ತೆ ಅಳೆಸಿದೆವು. ಅಕ್ಕಪಕ್ಕದವರ ಒಪ್ಪಿಗೆ, ಋಣಭಾರ ಪತ್ರ, ಎರಡು ಹೊಸ ಖಾತೆ. ತಂಗಿಯ ಗಡುವು ಹತ್ತಿರವಾದಂತೆ, ದಿನಕ್ಕೊಂದು ಮಾತಾಡುತ್ತಿದ್ದ ಯಜಮಾನರು ದಿನಕ್ಕೆ ನಾಲ್ಕು ಸಲ ಫೋನು ಮಾಡತೊಡಗಿದರು. ಶ್ರಾವಣ ಹುಟ್ಟಿದ ವಾರದಲ್ಲಿ ಎರಡೂ ಪತ್ರ ಒಂದೇ ಬೆಳಿಗ್ಗೆ ನೋಂದಣಿಯಾದವು.

ಸಹಿಗೆ ಮುಂಚೆ ಪತ್ರ ಬರಹಗಾರರು ಆಪಾರಿಗೆ ಚೆಕ್ಕುಬಂದಿ ಓದಿ ಹೇಳಿದರು. ನಾಲ್ಕು ದಿಕ್ಕಿನಲ್ಲಿ ಏನೇನಿದೆ ಎಂದು. ಪೂರ್ವಕ್ಕೆ ಓಣಿ. ಉತ್ತರಕ್ಕೆ ಮತ್ತು ಪಶ್ಚಿಮಕ್ಕೆ ನೆರೆಯವರ ಗೋಡೆ. ದಕ್ಷಿಣಕ್ಕೆ ಎಂದು ಹೇಳಿ ಚಿಂತಾಮಣಿಯ ವ್ಯಾಪಾರಿಯ ಹೆಸರು ಓದಿ, ಇವರ ಸ್ವತ್ತು ಎಂದರು. ಆಪಾ ದಕ್ಷಿಣಕ್ಕೆ ಇರುವುದನ್ನು ಇನ್ನೊಮ್ಮೆ ಓದಿಸಿಕೊಂಡರು. ಆಮೇಲೆ ಹೆಬ್ಬೆರಳು ಯಂತ್ರದ ಮೇಲಿಟ್ಟರು. ನೀರಿನಲ್ಲಿ ನೆನೆದು ನೆನೆದು ಸವೆದ ಬೆರಳು, ಮೂರು ಸಲ ಒತ್ತಿಸಬೇಕಾಯಿತು. ಹೊರಗೆ ಯಜಮಾನರು ಅವರಿಗೆ ಕೈಮುಗಿದು ನೇರ ಮೇಲೂರಿನ ಬಸ್ಸು ಹತ್ತಿದರು. ತಂಗಿ ಕಾಯುತ್ತಿದ್ದರು.

ಮುಂದಿನ ಭಾಗ ಕೆಡವುವುದಕ್ಕೆ ಮುಂಚೆ ನಡುಬಾಗಿಲನ್ನು ಗೋಡೆ ಕಟ್ಟಿ ಮುಚ್ಚಬೇಕಿತ್ತು. ನನ್ನ ಕೆಲಸ ಅಲ್ಲಿಗೆ ಮುಗಿದಿತ್ತು, ಆದರೂ ಆ ದಿನ ಹೋದೆ. ಬಾಗಿಲ ರೆಕ್ಕೆಗಳನ್ನು ಕಳಚಿ ಶೆಡ್ಡಿಗೆ ಒರಗಿಸಿದ್ದರು. ಗಾರೆಯವನು ಹೊಸ್ತಿಲಿನ ಮೇಲಿಂದ ಇಟ್ಟಿಗೆ ಜೋಡಿಸುತ್ತಾ ಬಂದ. ಆಪಾ ಶೆಡ್ಡಿನ ಗೋಡೆಗೆ ಒರಗಿ, ಎಂದೋ ಗೂಡು ಆರಿಸುತ್ತಿದ್ದ ಜಾಗದಲ್ಲಿ ಕೂತು ನೋಡುತ್ತಿದ್ದರು. ಗೋಡೆ ಮಂಡಿಯೆತ್ತರ ಬಂದಾಗ ಎದ್ದು ನಿಂತರು. ಎದೆಯೆತ್ತರ ಬಂದಾಗ ಹತ್ತಿರ ಬಂದರು. ಆಚೆ ಬೀದಿ ಕೋಣೆಯ ಕಿಟಕಿ ತೆರೆದಿತ್ತು, ಸಲಾಕೆಗಳ ನೆರಳು ಸಿಮೆಂಟಿನ ನೆಲದ ಮೇಲೆ ಬಿದ್ದಿತ್ತು. ಬೀದಿಯಲ್ಲಿ ಯಾರೋ ಸೈಕಲ್ಲಿನಲ್ಲಿ ಹಾದುಹೋದರು.

ಗೋಡೆ ಅವರ ಕಣ್ಣಿನ ಮಟ್ಟಕ್ಕೆ ಬಂದಾಗ ಅವರು ಹಿಮ್ಮಡಿ ಎತ್ತಿ ನಿಂತರು. ಗಾರೆಯವನು ಇಟ್ಟಿಗೆ ಕೈಯಲ್ಲೇ ಹಿಡಿದು ನಿಂತ. ನನ್ನತ್ತ ನೋಡಿದ.

“ಇಡಪ್ಪ,” ಎಂದರು ಆಪಾ, ಹಿಮ್ಮಡಿ ಇಳಿಸದೆ. “ನೀನು ಇಡು.”